ಇನ್ನೂರು ಪ್ರತಿಗಳ ಪತ್ರಿಕೆ

(ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ,

ಸಭಾಂಗಣಕ್ಕೆ ಬರುವ ಮೊದಲು ನಿಮ್ಮ ವಿಭಾಗದ ಸೂಚನಾ ಫಲಕದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಪ್ರಾಯೋಗಿಕ ಪತ್ರಿಕೆಯ ಮುಂದಿನ ಸಂಚಿಕೆಗೆ ಕೆಲಸ ಹಂಚಿದ ಪಟ್ಟಿಯನ್ನು ಅಲ್ಲಿ ಅಂಟಿಸಿದ್ದಾರೆ. ಸಂಪಾದಕ ಒಬ್ಬ, ವರದಿಗಾರರು ಎಂಟು ಮಂದಿ, ಪುಟವಿನ್ಯಾಸಕ್ಕೆ ಇಬ್ಬರು, ಛಾಯಾಚಿತ್ರಕ್ಕೆ ಒಬ್ಬಳು. ‘ಕರಡು ತಿದ್ದುವವರು’ ಎಂಬ ಸಾಲಿನ ಎದುರು ಮಾತ್ರ ಯಾರ ಹೆಸರೂ ಇಲ್ಲ. ಆ ಖಾಲಿ ಜಾಗ ನೋಡಿದಾಗ ನಾನು ದುಡಿದ ಸುದ್ದಿಮನೆಗಳೆಲ್ಲ ಕಣ್ಮುಂದೆ ಬಂದವು. ಖರ್ಚು ಕಡಿಮೆ ಮಾಡಬೇಕೆಂಬ ಮಾತು ಬಂದಾಗ ಅಲ್ಲಿಯೂ ಮೊದಲು ಖಾಲಿಯಾದದ್ದು ಅದೇ ಕುರ್ಚಿ.

ಓದು ಮುಗಿದ ಮೇಲೆ ಮಾಧ್ಯಮ ಲೋಕಕ್ಕೆ ಕಾಲಿಡುತ್ತೇವೆ ಎಂದು ನೀವು ಭಾವಿಸಿದ್ದೀರಿ. ನನ್ನ ಪ್ರಕಾರ ನೀವು ಕಾಲಿಟ್ಟು ಆಗಿದೆ. ಮೊದಲ ವರ್ಷದ ಮೊದಲ ವರದಿಗೆ ಹೆಸರು ಹಾಕಿಕೊಂಡ ದಿನವೇ ನೀವು ಒಳಗೆ ಬಂದಿರಿ. ಗಡುವಿನ ಹಿಂದಿನ ರಾತ್ರಿ ನಿದ್ದೆಗೆಡುವುದು, ಸಂಕಲನದ ಕಂಪ್ಯೂಟರಿಗಾಗಿ ಸರದಿ ಕಾಯುವುದು, ಸಂದರ್ಶನದ ನಡುವೆ ಕ್ಯಾಮೆರಾದ ಬ್ಯಾಟರಿ ಮುಗಿಯುವುದು, ಇಂಥ ಹೋಲಿಕೆಗಳನ್ನು ನಿಮ್ಮ ಹಿರಿಯ ವಿದ್ಯಾರ್ಥಿಗಳು ಹೇಳಿರುತ್ತಾರೆ. ಅವು ನಿಜ. ಅವುಗಳನ್ನು ಅಲ್ಲಿಗೇ ಬಿಡುತ್ತೇನೆ. ನನಗೆ ಕಾಡುವ ಹೋಲಿಕೆ ಒಂದೇ. ಬರೆದದ್ದು ತಪ್ಪೆಂದು ಗೊತ್ತಾದ ಮೇಲೆ ನಾವು ಏನು ಮಾಡುತ್ತೇವೆ? ಕಾಲೇಜಿನಲ್ಲಿ ಇದಕ್ಕೆ ಸಿಕ್ಕ ಉತ್ತರವೇ ಉದ್ಯಮದಲ್ಲೂ ಮುಂದುವರಿಯುತ್ತದೆ ಎಂಬುದು ನನ್ನ ಅನುಭವ.

ನನ್ನದೇ ಒಂದು ಘಟನೆ ಹೇಳುತ್ತೇನೆ.

ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಪ್ರಾಯೋಗಿಕ ಪತ್ರಿಕೆ ಇನ್ನೂರು ಪ್ರತಿ ಅಚ್ಚಾಗುತ್ತಿತ್ತು. ಆ ವರ್ಷ ಗ್ರಂಥಾಲಯದ ವಾಚನಾಲಯವನ್ನು ಸಂಜೆ ಬೇಗ ಮುಚ್ಚತೊಡಗಿದರು. ಪರೀಕ್ಷೆ ಹತ್ತಿರವಿತ್ತು, ಎಲ್ಲರಿಗೂ ಸಿಟ್ಟು ಬಂದಿತ್ತು. ನಾನು ಹತ್ತಾರು ವಿದ್ಯಾರ್ಥಿಗಳನ್ನು ಮಾತನಾಡಿಸಿದೆ. ಬೀಗ ಹಾಕಿದ ಬಾಗಿಲಿನ ಚಿತ್ರ ತೆಗೆಸಿದೆ. ‘ಸಿಬ್ಬಂದಿಯ ನಿರ್ಲಕ್ಷ್ಯ, ವಿದ್ಯಾರ್ಥಿಗಳಿಗೆ ಸಂಕಷ್ಟ’ ಎಂಬ ಶೀರ್ಷಿಕೆಯಡಿ ಮೊದಲ ಪುಟದಲ್ಲಿ ಬಂತು. ವಾಚನಾಲಯ ನೋಡಿಕೊಳ್ಳುತ್ತಿದ್ದ ಹಿರಿಯರು ಒಬ್ಬರೇ ಇದ್ದುದರಿಂದ, ಹೆಸರು ಹಾಕದಿದ್ದರೂ ಅದು ಯಾರ ಬಗ್ಗೆ ಎಂಬುದು ಇಡೀ ಕಾಲೇಜಿಗೆ ಗೊತ್ತಾಯಿತು. ಶೀರ್ಷಿಕೆ ಚುರುಕಾಗಿದೆ, ಭಾಷೆ ಹದವಾಗಿದೆ ಎಂದು ನಮ್ಮ ಅಧ್ಯಾಪಕರು ಮೆಚ್ಚಿದರು. ಆಂತರಿಕ ಅಂಕಗಳಲ್ಲಿ ನನಗೆ ತರಗತಿಗೇ ಹೆಚ್ಚು ಬಂತು.

ಮೂರನೆಯ ದಿನ ಆ ಹಿರಿಯರು ಪತ್ರಿಕೆ ಹಿಡಿದುಕೊಂಡು ವಿಭಾಗದ ಬಾಗಿಲಿಗೆ ಬಂದರು. ಏರುದನಿಯಲ್ಲಿ ಮಾತನಾಡಲಿಲ್ಲ. ವಾಚನಾಲಯದಲ್ಲಿ ಮೊದಲು ಮೂರು ಜನ ಇದ್ದರಂತೆ. ಇಬ್ಬರನ್ನು ಬೇರೆಡೆಗೆ ಹಾಕಿದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅವರೊಬ್ಬರೇ. ಹೊತ್ತು ಮೊಟಕುಗೊಳಿಸಿ ಎಂಬ ಆದೇಶವೂ ಮೇಲಿನಿಂದಲೇ ಬಂದದ್ದು, ಆ ಪತ್ರದ ಪ್ರತಿ ಅವರ ಜೇಬಿನಲ್ಲಿತ್ತು. ಅದನ್ನು ತೋರಿಸಿ, “ನಾನು ದಿನಾ ಅಲ್ಲೇ ಕೂತಿರುತ್ತೇನಪ್ಪಾ, ನೀವೂ ಅಲ್ಲಿಗೇ ಓದಲು ಬರುತ್ತೀರಿ. ಬರೆಯುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ?” ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಅವರನ್ನು ಕೇಳಿದ್ದರೆ ಸುದ್ದಿ ಕೆಡುತ್ತಿತ್ತು ಎಂದಲ್ಲ, ಇನ್ನೂ ಗಟ್ಟಿಯಾಗುತ್ತಿತ್ತು. ಸಿಬ್ಬಂದಿ ಕಡಿತಗೊಳಿಸಿದವರು ಯಾರು ಎಂಬ ನಿಜವಾದ ಪ್ರಶ್ನೆ ಕೈಗೆ ಸಿಗುತ್ತಿತ್ತು. ಆದರೆ ಮೇಲಿನವರನ್ನು ಕೇಳಲು ಅಳುಕಿತ್ತು, ಕೆಳಗಿನವರನ್ನು ದೂರಲು ಯಾವ ಅಳುಕೂ ಇರಲಿಲ್ಲ. ಈ ಒಂದು ವಾಕ್ಯವನ್ನು ನಾನು ಬಹಳ ವರ್ಷಗಳ ನಂತರ ನನಗೆ ನಾನೇ ಒಪ್ಪಿಕೊಂಡೆ. ದೊಡ್ಡ ಸುದ್ದಿಮನೆಗಳಲ್ಲಿ ಎಷ್ಟೋ ಸಂಜೆ ಇದೇ ನಡೆಯುವುದನ್ನು ಕಂಡಿದ್ದೇನೆ. ಸೇತುವೆ ಕುಸಿದರೆ ಕಾವಲುಗಾರನ ಮುಖ ಪರದೆಯ ಮೇಲೆ ಬರುತ್ತದೆ, ಗುತ್ತಿಗೆಗೆ ಸಹಿ ಹಾಕಿದವರ ಹೆಸರು ಬರುವುದಿಲ್ಲ.

ತಿದ್ದುಪಡಿ ಹಾಕಲು ಮುಂದಿನ ಸಂಚಿಕೆ ಬರಬೇಕಿತ್ತು. ಮುಂದಿನ ಸಂಚಿಕೆ ಮುಂದಿನ ಸೆಮಿಸ್ಟರಿಗೆ. ಅಷ್ಟರಲ್ಲಿ ಹೊಸ ತಂಡ, ಹೊಸ ಸಂಪಾದಕ. ನೀವೇ ಯೋಚಿಸಿ: ನಿಮ್ಮ ಪಠ್ಯಕ್ರಮದಲ್ಲಿ ಶೀರ್ಷಿಕೆಗೆ ಅಂಕವಿದೆ, ಪುಟವಿನ್ಯಾಸಕ್ಕೆ ಅಂಕವಿದೆ, ಗಡುವು ಪಾಲಿಸಿದ್ದಕ್ಕೆ ಅಂಕವಿದೆ. ತಪ್ಪನ್ನು ಒಪ್ಪಿ ತಿದ್ದಿದ್ದಕ್ಕೆ ಎಷ್ಟು ಅಂಕ? ನನ್ನ ಕಾಲದಲ್ಲಿ ಸೊನ್ನೆ. ಇನ್ನೂರೇ ಪ್ರತಿ ಎಂದು ನಾವು ಸಮಾಧಾನ ಮಾಡಿಕೊಂಡೆವು. ಅವರು ದಿನಾ ಓಡಾಡುತ್ತಿದ್ದ ಲೋಕವೇ ಆ ಇನ್ನೂರು ಪ್ರತಿ ಹಂಚಿಕೆಯಾದ ಲೋಕ ಎಂಬುದು ನಮಗೆ ಹೊಳೆಯಲಿಲ್ಲ.

ಆರೋಪಕ್ಕೆ ಗುರಿಯಾದವರನ್ನು, ಘಟನೆಯನ್ನು ಬಲ್ಲವರನ್ನು ಒಂದು ಮಾತು ಕೇಳುವುದು ಮೊದಲ ವರ್ಷದ ಪಾಠ. 2014ರ ನವೆಂಬರ್‌ನಲ್ಲಿ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ ಆ ಪಾಠದಲ್ಲೇ ಎಡವಿತು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆಯಿತೆನ್ನಲಾದ ಅತ್ಯಾಚಾರದ ಬಗ್ಗೆ ಅದು ದೊಡ್ಡ ವರದಿ ಪ್ರಕಟಿಸಿತು. ಆ ರಾತ್ರಿ, ಅತ್ಯಾಚಾರ ನಡೆಯಿತೆಂದು ಹೇಳಿದ ವಿದ್ಯಾರ್ಥಿನಿಯನ್ನು ಭೇಟಿಯಾದರೆಂದು ವರದಿಯೇ ಹೇಳಿದ ಮೂವರು ಗೆಳೆಯರನ್ನು ವರದಿಗಾರ್ತಿ ಮಾತನಾಡಿಸಿರಲಿಲ್ಲ. ಪ್ರಶ್ನೆಗಳು ಎದ್ದ ಮೇಲೆ ಪತ್ರಿಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆಯನ್ನು ಕರೆದು ಪರಿಶೀಲನೆ ನಡೆಸಲು ಕೇಳಿಕೊಂಡಿತು. 2015ರ ಏಪ್ರಿಲ್‌ನಲ್ಲಿ ಶಾಲೆಯ ದೀರ್ಘ ವರದಿ ಬಂತು, ಮೂಲ ಲೇಖನವನ್ನು ಹಿಂಪಡೆಯಲಾಯಿತು. ಉದ್ಯಮದ ಉತ್ತರಪತ್ರಿಕೆಯನ್ನು ತರಗತಿಯ ಅಧ್ಯಾಪಕರು ತಿದ್ದಿದ ಅಪರೂಪದ ಪ್ರಸಂಗ ಅದು. ನಿಜವಾಗಿ ನೊಂದ ಹೆಣ್ಣುಮಕ್ಕಳ ಮಾತನ್ನು ಜನ ನಂಬದಂತಾಗಲು ಇಂಥ ಒಂದು ವರದಿ ಸಾಕು. ಮೂರು ಫೋನ್ ಕರೆಗಳನ್ನು ಮಾಡದೆ ಬಿಟ್ಟದ್ದರ ಬೆಲೆಯನ್ನು ತೆತ್ತವರಲ್ಲಿ ಅವರೂ ಇದ್ದಾರೆ.

ಈ ಕೊಲಂಬಿಯಾ ಶಾಲೆ ಹುಟ್ಟಿದ ಬಗೆಯನ್ನೂ ನೆನೆಯಬೇಕು. ಅದಕ್ಕೆ ಹಣ ಕೊಟ್ಟವರು ಜೋಸೆಫ್ ಪುಲಿಟ್ಜರ್. 1890ರ ದಶಕದಲ್ಲಿ ಅವರ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯೂ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಅವರ ಪತ್ರಿಕೆಯೂ ಪ್ರಸಾರಕ್ಕಾಗಿ ಪೈಪೋಟಿಗಿಳಿದಾಗಲೇ ‘ಪೀತ ಪತ್ರಿಕೋದ್ಯಮ’ (ಓದುಗರನ್ನು ಸೆಳೆಯಲು ಸುದ್ದಿಯನ್ನು ರೋಚಕವಾಗಿ ಉಬ್ಬಿಸುವುದು) ಎಂಬ ಮಾತು ಚಾಲ್ತಿಗೆ ಬಂದದ್ದು. ಅದೇ ಪುಲಿಟ್ಜರ್ 1904ರಲ್ಲಿ, ಪತ್ರಕರ್ತರಿಗೆ ಕಾಲೇಜು ಶಿಕ್ಷಣ ಏಕೆ ಬೇಕು ಎಂದು ಸುದೀರ್ಘವಾಗಿ ವಾದಿಸಿ ಬರೆದರು. ಅವರು 1911ರಲ್ಲಿ ತೀರಿಕೊಂಡರು, ಶಾಲೆ 1912ರಲ್ಲಿ ತೆರೆಯಿತು. ಅದು ಅವರು ತಮ್ಮದೇ ಪತ್ರಿಕೆಗೆ ಬರೆದ ತಿದ್ದುಪಡಿ ಎಂದು ನಾನು ಓದಿಕೊಳ್ಳುತ್ತೇನೆ. ಇತಿಹಾಸಕಾರರು ಒಪ್ಪಲಿಕ್ಕಿಲ್ಲ, ಆದರೂ ಹಾಗೆ ಓದಿದಾಗ ನನಗೆ ಧೈರ್ಯ ಬರುತ್ತದೆ.

ಅದಕ್ಕೂ ನಾಲ್ಕು ವರ್ಷ ಮೊದಲು, 1908ರ ಸೆಪ್ಟೆಂಬರ್ 14ರಂದು, ಮಿಸೌರಿ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ವಿಲಿಯಮ್ಸ್ ಪತ್ರಿಕೋದ್ಯಮ ಶಾಲೆ ಆರಂಭಿಸಿದರು. ತರಗತಿ ಶುರುವಾದ ದಿನವೇ ವಿದ್ಯಾರ್ಥಿಗಳ ದಿನಪತ್ರಿಕೆಯ ಮೊದಲ ಸಂಚಿಕೆಯೂ ಹೊರಬಂತು. ಮೊದಲು ಪಾಠ, ಆಮೇಲೆ ಕೆಲಸ ಎಂಬ ಅನುಕ್ರಮವನ್ನೇ ಅವರು ಒಪ್ಪಲಿಲ್ಲ. ಓದುಗ ಇದ್ದರೆ ಮಾತ್ರ ಪಾಠ ಎಂಬುದು ಅವರ ನಿಲುವು. ಓದುಗರಿಲ್ಲದೆ ಅಂಕಕ್ಕಾಗಿಯೇ ಬರೆದ ವರದಿಯಲ್ಲಿ ಹೆಸರು ತಪ್ಪಾದರೆ ಅರ್ಧ ಅಂಕ ಹೋಗುತ್ತದೆ. ಓದುಗರಿದ್ದರೆ ಆ ಹೆಸರಿನ ಮನುಷ್ಯ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಇನ್ನು ಕಟ್ಟುಕತೆಯ ವಿಷಯ. ಸಮೀಕ್ಷೆ ಮಾಡಿಕೊಂಡು ಬನ್ನಿ ಎಂದರೆ ಹಾಸ್ಟೆಲ್ ಕೋಣೆಯಲ್ಲಿ ಕುಳಿತು ಐವತ್ತು ಪ್ರಶ್ನಾವಳಿಗಳನ್ನು ಬೇರೆ ಬೇರೆ ಪೆನ್ನಿನಲ್ಲಿ ತುಂಬಿದವರನ್ನು ನಾನು ಬಲ್ಲೆ, ನೀವೂ ಬಲ್ಲಿರಿ. ‘ಹೆಸರು ಹೇಳಲಿಚ್ಛಿಸದ ವಿದ್ಯಾರ್ಥಿನಿ’ಯ ಬಾಯಿಂದ ನಮಗೆ ಬೇಕಾದ ಮಾತು ಆಡಿಸುವುದೂ ಗೊತ್ತಿರುವುದೇ. ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ‘ಅಸೈನ್‌ಮೆಂಟ್ ಮುಗಿಸುವುದು’ ಎನ್ನುತ್ತಾರೆ. ಈಗ ಪ್ರಶ್ನೆ ಹಾಕಿದರೆ ಮನುಷ್ಯರ ಮಾತಿನಂತೆಯೇ ಇರುವ ಉಲ್ಲೇಖಗಳನ್ನು ಹೆಣೆದು ಕೊಡುವ ಯಂತ್ರಗಳೂ ಬಂದಿವೆ, ಬೇರೆ ಬೇರೆ ಪೆನ್ನು ಹುಡುಕುವ ಶ್ರಮವೂ ತಪ್ಪಿದೆ.

1998ರಲ್ಲಿ ಅಮೆರಿಕದ ನ್ಯೂ ರಿಪಬ್ಲಿಕ್ ಪತ್ರಿಕೆಯ ಯುವ ಬರಹಗಾರ ಸ್ಟೀಫನ್ ಗ್ಲಾಸ್ ಸಿಕ್ಕಿಬಿದ್ದಾಗ, ಆತ ಅಲ್ಲಿ ಬರೆದ 41 ಲೇಖನಗಳ ಪೈಕಿ 27ರಲ್ಲಿ ಕಲ್ಪಿತ ಅಂಶಗಳಿರುವುದು ಪತ್ತೆಯಾಯಿತು. ಇಲ್ಲದ ಮನುಷ್ಯರಿಗೆ ಟಿಪ್ಪಣಿಗಳನ್ನೂ ಆತ ತಯಾರಿಸಿ ಇಟ್ಟಿದ್ದ. ಐದು ವರ್ಷಗಳ ನಂತರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜೇಸನ್ ಬ್ಲೇರ್ ಪ್ರಕರಣ. ಹೋಗದ ಊರುಗಳಿಂದ ವರದಿ, ಬೇರೆ ಪತ್ರಿಕೆಗಳಿಂದ ಕದ್ದ ಸಾಲುಗಳು. ಆತ ಹಿಂದಿನ ಅಕ್ಟೋಬರ್‌ನಿಂದ ಬರೆದ 73 ವರದಿಗಳ ಪೈಕಿ ಕನಿಷ್ಠ 36ರಲ್ಲಿ ದೋಷಗಳಿದ್ದವು ಎಂದು ಪತ್ರಿಕೆಯೇ 2003ರ ಮೇ 11ರಂದು ಮೊದಲ ಪುಟದಿಂದ ಆರಂಭಿಸಿ ಪುಟಗಟ್ಟಲೆ ಬರೆದು ಒಪ್ಪಿಕೊಂಡಿತು. ಅದರ ಇಬ್ಬರು ಅತಿ ಹಿರಿಯ ಸಂಪಾದಕರು ಮುಂದಿನ ತಿಂಗಳು ರಾಜೀನಾಮೆ ಕೊಟ್ಟರು.

ಗ್ಲಾಸ್ ಮತ್ತು ಬ್ಲೇರ್ ಇಬ್ಬರೂ ತಮ್ಮ ತಮ್ಮ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಪತ್ರಿಕೆಗಳಲ್ಲಿ ಸಂಪಾದಕರ ಸ್ಥಾನಕ್ಕೇರಿದವರು. ಎಲ್ಲರ ಮೆಚ್ಚಿನ, ಚುರುಕು ಹುಡುಗರು. ಬ್ಲೇರ್ ವಿಷಯ ಬಯಲಾದ ಮೇಲೆ ಆತನ ಕಾಲೇಜು ಪತ್ರಿಕೆಯ ಹಳೆಯ ಸಹೋದ್ಯೋಗಿಗಳು, ಅಂದಿನ ಬರಹಗಳಲ್ಲೂ ಗಂಭೀರ ತಪ್ಪುಗಳಿದ್ದವು ಎಂದು ಹೇಳಿದರು. ಅವರ ಮೇಲೆ ನಾನು ಕಲ್ಲೆಸೆಯುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಗೆಳೆಯನ ಉಲ್ಲೇಖವನ್ನು ಸಂಶಯಿಸುವುದು ಸುಲಭವಲ್ಲ. ಆದರೆ ‘ಇವರ ಫೋನ್ ಸಂಖ್ಯೆ ಕೊಡು, ಒಮ್ಮೆ ಕೇಳಿನೋಡುತ್ತೇನೆ’ ಎಂದು ಗೆಳೆಯನಿಗೆ ಹೇಳಲು ಕಲಿಯದವರು ಮುಂದೆ ಸಹೋದ್ಯೋಗಿಗೂ ಹೇಳುವುದಿಲ್ಲ. ಆ ಮಾತು ಅವಮಾನ ಎಂಬ ಭಾವನೆ ನಮ್ಮ ತರಗತಿಗಳಲ್ಲಿ ಇದೆ. ಸುದ್ದಿಯನ್ನು ತಿದ್ದಿ ಅಚ್ಚಿಗೆ ಕಳಿಸುವ ಒಳ್ಳೆಯ ಡೆಸ್ಕಿನಲ್ಲಿ ಅದು ದಿನಕ್ಕೆ ಹತ್ತು ಬಾರಿ ಕೇಳಿಬರುವ ಸಹಜ ಮಾತು.

ಈಗ ನಿಮಗೆ ಅತಿ ಪರಿಚಿತವಾದ ಇನ್ನೊಂದು ಸಂಗತಿಗೆ ಬರುತ್ತೇನೆ: ಗುಂಪು ಯೋಜನೆ. ಹತ್ತು ನಿಮಿಷದ ಒಂದು ಸಾಕ್ಷ್ಯಚಿತ್ರಕ್ಕೆ ಐದು ಮಂದಿ. ಒಬ್ಬ ವಿಷಯ ಹುಡುಕಿದ, ಒಬ್ಬಳು ನಾಲ್ಕು ಸಲ ಹೋಗಿ ಜನರ ವಿಶ್ವಾಸ ಗಳಿಸಿದಳು, ಒಬ್ಬ ಮೂರು ರಾತ್ರಿ ಕುಳಿತು ಸಂಕಲನ ಮಾಡಿದ. ಪ್ರದರ್ಶನದ ದಿನ ವೇದಿಕೆಯಲ್ಲಿ ಮಾತನಾಡಿದವನು ಕ್ಯಾಮೆರಾ ಮುಂದೆ ನಿಂತವನು. ಅಂಕ ಎಲ್ಲರಿಗೂ ಸಮ, ಹೆಸರು ಒಬ್ಬನಿಗೆ. ಇದೇ ಸಾಲು ಉದ್ಯಮದಲ್ಲಿ ಉದ್ದವಾಗಿ ಬೆಳೆಯುತ್ತದೆ. ಯುದ್ಧಭೂಮಿಯಿಂದ ಬರುವ ವರದಿಯ ಹಿಂದೆ ದಾರಿ ತೋರಿಸಿದ, ಭಾಷಾಂತರ ಮಾಡಿದ, ಯಾರನ್ನು ನಂಬಬೇಕೆಂದು ಹೇಳಿಕೊಟ್ಟ ಸ್ಥಳೀಯರೊಬ್ಬರು ಇರುತ್ತಾರೆ. ವರದಿಗಾರ ವಿಮಾನ ಹತ್ತಿ ಹೊರಟ ಮೇಲೂ ಅವರು ಅಲ್ಲೇ ಬದುಕಬೇಕು. ಬೈಲೈನಿನಲ್ಲಿ, ಅಂದರೆ ವರದಿ ಯಾರದೆಂದು ಹೇಳುವ ಸಾಲಿನಲ್ಲಿ, ಅವರ ಹೆಸರು ಬಹಳ ಸಲ ಇರುವುದಿಲ್ಲ. ಸುದ್ದಿಗೆ ಇಷ್ಟೆಂದು ಪಡೆದು ದುಡಿಯುವ ಅರೆಕಾಲಿಕ ವರದಿಗಾರ ಕಳಿಸಿದ ಮಾಹಿತಿ ಕಚೇರಿಯಲ್ಲಿರುವವರ ಹೆಸರಿನಲ್ಲಿ ಅಚ್ಚಾಗುವುದನ್ನೂ ನಾನು ಕಂಡಿದ್ದೇನೆ.

ಗುಂಪಿನ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು, ಇದು ನನಗೆ ನೋವಿನ ವಿಷಯ. ಸಂಜೆ ಸಂಕಲನ ಕೊಠಡಿಯಲ್ಲಿ ಉಳಿಯುವವರು ಯಾರು, ತರಗತಿ ಮುಗಿದೊಡನೆ ಹೊರಡುವವರು ಯಾರು ಎಂದು ಗಮನಿಸಿದ್ದೀರಾ? ಹೊರಡುವವರನ್ನು ಸೋಮಾರಿಗಳು ಎಂದು ನಾವು ಬಹಳ ಬೇಗ ತೀರ್ಮಾನಿಸುತ್ತೇವೆ. ಅವರಲ್ಲಿ ಕೆಲವರು ಕೊನೆಯ ಬಸ್ ಹಿಡಿಯಬೇಕು. ಕೆಲವರು ಸಂಜೆಯ ಕೆಲಸಕ್ಕೆ ಹೋಗಿ ಶುಲ್ಕ ಕಟ್ಟಬೇಕು. ಕೆಲವು ಹುಡುಗಿಯರು ಕತ್ತಲಾಗುವ ಮೊದಲು ಮನೆ ಸೇರದಿದ್ದರೆ ಮರುದಿನ ಕಾಲೇಜಿಗೇ ಬರುವಂತಿಲ್ಲ. ಸಂಬಳವಿಲ್ಲದ ಇಂಟರ್ನ್‌ಶಿಪ್ ಬಂದಾಗ ಇದೇ ಜರಡಿ ಇನ್ನೊಮ್ಮೆ ಅಲುಗಾಡುತ್ತದೆ. ಮೂರು ತಿಂಗಳು ಪುಕ್ಕಟೆ ದುಡಿಯುವ ಶಕ್ತಿಯಿರುವ ಮನೆಯ ಮಕ್ಕಳು ಮೇಲೆ ಉಳಿಯುತ್ತಾರೆ. ಸುದ್ದಿಮನೆಯಲ್ಲಿ ಬಡವರ ದನಿ ಏಕಿಲ್ಲ ಎಂದು ವಿಚಾರ ಸಂಕಿರಣ ಮಾಡುವ ನಾವು, ಆ ದನಿ ಸಂಜೆ ಐದಕ್ಕೆ ಬಸ್ ಹತ್ತಿದ್ದನ್ನು ಅಂದೇ ಕಂಡಿದ್ದೆವು. ಸಂಕಲನದ ಸರದಿಯನ್ನು ಬೆಳಿಗ್ಗೆಗೆ ಹಾಕಿಕೊಳ್ಳಲು ಯಾರ ಅನುಮತಿಯೂ ಬೇಕಿರಲಿಲ್ಲ, ಹಾಗೆ ಮಾಡಬಹುದೆಂದು ನಮಗೆ ತೋಚಲೇ ಇಲ್ಲ.

ಹಾಜರಿ, ಅಂಕ, ಕಾಲೇಜಿನ ಸಾಮಾಜಿಕ ಜಾಲತಾಣದ ಪುಟಕ್ಕೆ ಬಿದ್ದ ಮೆಚ್ಚುಗೆಗಳು ಮುಂದೆ ವೀಕ್ಷಕರ ಎಣಿಕೆಯಾಗುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮಾಲೀಕರ ವಿಷಯಕ್ಕೆ ಬರೋಣ. ಪತ್ರಕರ್ತರಾಗಿ ನಿಮಗೆ ಎದುರಾಗುವ ಮೊದಲ ಮಾಲೀಕರು ನಿಮ್ಮ ಪ್ರಾಂಶುಪಾಲರು. ಪತ್ರಿಕೆಯ ಖರ್ಚು ಅವರದು, ಅಚ್ಚಿಗೆ ಹೋಗುವ ಮೊದಲು ನೋಡುವ ಹಕ್ಕು ಅವರದು. 1983ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಹೇಜಲ್‌ವುಡ್ ಈಸ್ಟ್ ಪ್ರೌಢಶಾಲೆಯ ಮಕ್ಕಳು ತಮ್ಮ ಪತ್ರಿಕೆಗೆ ಹದಿಹರೆಯದ ಗರ್ಭಧಾರಣೆಯ ಬಗ್ಗೆ, ತಂದೆತಾಯಿಯರ ವಿಚ್ಛೇದನದ ಬಗ್ಗೆ ಬರೆದರು. ಪ್ರಾಂಶುಪಾಲರು ಎರಡು ಪುಟಗಳನ್ನೇ ತೆಗೆಸಿದರು. ಮಕ್ಕಳು ನ್ಯಾಯಾಲಯಕ್ಕೆ ಹೋದರು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–3 ಬಹುಮತದಿಂದ ಶಾಲೆಯ ಪರವಾಗಿ ತೀರ್ಪು ಕೊಟ್ಟಿತು. ಶಾಲೆಯೇ ನಡೆಸುವ ಪತ್ರಿಕೆಯ ಮೇಲೆ, ಶಿಕ್ಷಣಕ್ಕೆ ಸಂಬಂಧಿಸಿದ ಸಕಾರಣವಿದ್ದರೆ, ಶಾಲೆಗೆ ಹಿಡಿತ ಇರಬಹುದು ಎಂಬುದು ಅದರ ಸಾರ.

ಈ ಪ್ರಕರಣ ನನ್ನನ್ನು ಎರಡು ಕಡೆಗೂ ಎಳೆಯುತ್ತದೆ. ಪ್ರಾಂಶುಪಾಲರು ಕೊಟ್ಟ ಕಾರಣಗಳಲ್ಲಿ ಒಂದು ನ್ಯಾಯವಾದದ್ದು: ವಿಚ್ಛೇದನದ ಲೇಖನದಲ್ಲಿ ಮಗಳು ದೂರಿದ ತಂದೆಗೆ ಉತ್ತರಿಸಲು ಅವಕಾಶ ಕೊಟ್ಟಿರಲಿಲ್ಲ ಎಂಬುದು. ನಾನು ಗ್ರಂಥಾಲಯದಲ್ಲಿ ಮಾಡಿದ್ದೂ ಅದೇ ತಪ್ಪು. ಮಕ್ಕಳನ್ನು ಕರೆದು ‘ತಂದೆಯನ್ನು ಕೇಳಿ ಬನ್ನಿ’ ಎಂದಿದ್ದರೆ ಅದು ಸಂಪಾದನೆ. ಪುಟವನ್ನೇ ಕಿತ್ತುಹಾಕಿದ್ದು ಮಾಲೀಕತ್ವ. ಈ ಎರಡರ ನಡುವಿನ ಗೆರೆಯನ್ನು ಗುರುತಿಸಲು ಕಾಲೇಜಿನಲ್ಲೇ ಕಲಿಯಿರಿ. ನಿಮ್ಮ ವರದಿಯನ್ನು ತಡೆದಾಗ ತಡೆದವರನ್ನು ಕಾರಣ ಕೇಳಿ. ತಿದ್ದಬಹುದಾದ ಕಾರಣ ಕೊಟ್ಟರೆ ತಿದ್ದಿ, ಮತ್ತೆ ಒಯ್ಯಿರಿ. ಕಾರಣ ಬದಲಾಗುತ್ತ ಹೋದರೆ ನಿಮಗೆ ಎಲ್ಲವೂ ಗೊತ್ತಾಗುತ್ತದೆ.

ಗೆರೆಯ ಆಚೆಗಿನ ಒಂದು ಉದಾಹರಣೆಯೂ ಇದೆ. ಸ್ಟ್ಯಾನ್‌ಫರ್ಡ್ ಡೈಲಿ 1973ರಿಂದ ವಿಶ್ವವಿದ್ಯಾಲಯದ ಹಂಗಿಲ್ಲದೆ ಸ್ವತಂತ್ರವಾಗಿ ನಡೆಯುತ್ತಿರುವ ವಿದ್ಯಾರ್ಥಿ ಪತ್ರಿಕೆ. 2022ರಲ್ಲಿ ಮೊದಲ ವರ್ಷಕ್ಕೆ ಸೇರಿದ್ದ ಥಿಯೊ ಬೇಕರ್ ಎಂಬ ವಿದ್ಯಾರ್ಥಿ, ವಿಶ್ವವಿದ್ಯಾಲಯದ ಅಧ್ಯಕ್ಷರೂ ನರವಿಜ್ಞಾನಿಯೂ ಆದ ಮಾರ್ಕ್ ಟೆಸಿಯರ್-ಲವೀನ್ ಅವರ ಹಳೆಯ ಸಂಶೋಧನಾ ಪ್ರಬಂಧಗಳಲ್ಲಿ ಚಿತ್ರಗಳನ್ನು ತಿರುಚಲಾಗಿದೆ ಎಂಬ ಸಂಶಯದ ಬೆನ್ನು ಹತ್ತಿದ. ತಿಂಗಳುಗಟ್ಟಲೆ ಬರೆದ. ತಜ್ಞರ ಸಮಿತಿ ನೇಮಕವಾಯಿತು. ಅಧ್ಯಕ್ಷರು ಸ್ವತಃ ತಿರುಚಿದ್ದಕ್ಕೆ ಸಾಕ್ಷ್ಯವಿಲ್ಲ ಎಂದು ಸಮಿತಿ ಹೇಳಿತು. ಆದರೆ ಅವರ ಪ್ರಯೋಗಾಲಯದವರು ದತ್ತಾಂಶ ತಿರುಚಿದ್ದು ಗೊತ್ತಾಯಿತು. ತಪ್ಪುಗಳು ಗಮನಕ್ಕೆ ಬಂದ ಮೇಲೂ ಅವುಗಳನ್ನು ತಿದ್ದುವಲ್ಲಿ ಅಧ್ಯಕ್ಷರು ಸಾಕಷ್ಟು ಮುಂದಾಗಲಿಲ್ಲ ಎಂದೂ ಸಮಿತಿ ಕಂಡುಕೊಂಡಿತು. 2023ರ ಜುಲೈನಲ್ಲಿ ಅವರು ಹುದ್ದೆ ಬಿಡುವುದಾಗಿ ಪ್ರಕಟಿಸಿದರು. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಇದು: ಜಗತ್ತಿನ ದೊಡ್ಡ ವಿಶ್ವವಿದ್ಯಾಲಯವೊಂದರ ಮುಖ್ಯಸ್ಥರ ವಿಷಯದಲ್ಲೂ ಕೊನೆಗೆ ಉಳಿದ ಪ್ರಶ್ನೆ ತಪ್ಪು ತಿದ್ದಿದಿರೋ ಇಲ್ಲವೋ ಎಂಬುದೇ.

ಕಾಲೇಜಿನಲ್ಲಿ ಇದ್ದು ಉದ್ಯಮದಲ್ಲಿ ಇಲ್ಲದ್ದೂ ಒಂದಿದೆ, ಅದು ಬಿಡುವು. ಸುದ್ದಿಮನೆಯಲ್ಲಿ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಬರಹವನ್ನು ಸಾಲು ಸಾಲಾಗಿ ತಿದ್ದುವ ಹಿರಿಯರು ಅಪರೂಪವಾಗಿದ್ದಾರೆ. ಅವರು ತಿದ್ದಿ ಕಳಿಸುತ್ತಾರೆ, ಏಕೆ ತಿದ್ದಿದರೆಂದು ಹೇಳಲು ಹೊತ್ತಿರುವುದಿಲ್ಲ. ನಿಮ್ಮ ಅಧ್ಯಾಪಕರ ಬಳಿ ಇನ್ನೂ ಆ ಹೊತ್ತು ಇದೆ. ಕೆಂಪು ಶಾಯಿಯ ಪುಟ ಕೈಗೆ ಬಂದಾಗ ಅಂಕ ನೋಡಿ ಮಡಚಿಡಬೇಡಿ. ಈ ವಾಕ್ಯ ಏಕೆ ಹೋಯಿತು, ಈ ಪದಕ್ಕೆ ಸುತ್ತು ಏಕೆ ಬಿತ್ತು ಎಂದು ಕೇಳಿ. ಅಧ್ಯಾಪಕರಿಗೂ ನನ್ನದೊಂದು ವಿನಂತಿ: ಪ್ರಾಯೋಗಿಕ ಪತ್ರಿಕೆಯ ಎರಡನೆಯ ಪುಟದಲ್ಲಿ ತಿದ್ದುಪಡಿಗೆಂದು ಎಂಟು ಸಾಲಿನ ಜಾಗ ಇಡಿ, ಅದಕ್ಕೆ ಅಂಕವನ್ನೂ ಇಡಿ. ಮುಂದಿನ ಸಂಚಿಕೆ ಆರು ತಿಂಗಳ ನಂತರವೇ ಬರುವುದಾದರೆ ಅಲ್ಲಿಯವರೆಗೆ ಸೂಚನಾ ಫಲಕ ಇದೆ. ಇಂದು ನಾನು ಖಾಲಿ ಜಾಗ ಕಂಡ ಆ ಪಟ್ಟಿಯ ಪಕ್ಕದಲ್ಲೇ ಒಂದು ಹಾಳೆ ಹಿಡಿಸುತ್ತದೆ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಆ ಗ್ರಂಥಾಲಯದ ಸುದ್ದಿಗೆ ಕೊನೆಗೆ ತಿದ್ದುಪಡಿ ಬಂತೇ?”

ಇಲ್ಲ ಎಂದೆ. ಮುಂದಿನ ಸಂಚಿಕೆಯ ಹೊಸ ಸಂಪಾದಕನಿಗೆ ಒಂದು ಚೀಟಿ ಬರೆದು ಕೊಟ್ಟಿದ್ದೆ, ಜಾಗವಿಲ್ಲ ಎಂದ, ನಾನೂ ಒತ್ತಾಯಿಸಲಿಲ್ಲ. ಆ ಹಿರಿಯರು ನಿವೃತ್ತರಾದರು. ಕೆಲವು ವರ್ಷಗಳ ಹಿಂದೆ ಆ ಕಾಲೇಜಿಗೆ ಹೋಗಿದ್ದಾಗ ವಿಭಾಗದ ಕಪಾಟಿನಲ್ಲಿ ಹಳೆಯ ಸಂಚಿಕೆಗಳನ್ನು ವರ್ಷವಾರು ಹೊಲಿದು, ರಟ್ಟು ಹಾಕಿ ಇಟ್ಟಿರುವುದನ್ನು ನೋಡಿದೆ. ತೆಗೆದು ತಿರುವಿದೆ. ಮೊದಲ ಪುಟ, ಎಡಗಡೆಯ ಎರಡನೆಯ ಕಾಲಂ, ಕೆಳಗೆ ನನ್ನ ಹೆಸರು. ಅದರಲ್ಲಿ ಅವರು ಇವತ್ತಿಗೂ ಕರ್ತವ್ಯ ಮರೆತವರಾಗಿಯೇ ಇದ್ದಾರೆ.